ಮನೆ ಹತ್ತಿರದ ದಿನಸಿ ಅಂಗಡಿಯಲ್ಲಿ ಸಾಮಾನು ಕೊಳ್ಳುವುದು ಹೇಗೆ

ನಡೆದು ಹೋಗುವಷ್ಟು ದೂರದಲ್ಲಿ ಎಲ್ಲ ಸಾಮಾನೂ ಸಿಗುವ ಒಂದು ಅಂಗಡಿ ಇದ್ದರೆ ನೀವು ಕೊಳ್ಳುವ ರೀತಿಯೇ ಬೇರೆ ಇರಬೇಕು. ದೂರದ ದೊಡ್ಡ ಮಳಿಗೆಗೆ ಹೋದಾಗ ತಿಂಗಳಿಗಾಗುವಷ್ಟು ತುಂಬಿಕೊಂಡು ಬರುವುದು ಸರಿ, ಯಾಕೆಂದರೆ ಪದೇ ಪದೇ ಹೋಗಲು ಆಗುವುದಿಲ್ಲ. ಹತ್ತಿರದ ಅಂಗಡಿಗೆ ಆ ಲೆಕ್ಕ ಬೇಡ. ಇವತ್ತು ತರದ ಹಾಲು, ಸೊಪ್ಪು, ಹಣ್ಣು ನಾಳೆಯೂ ಅಲ್ಲೇ ಸಿಗುತ್ತದೆ, ಅದೂ ಇವತ್ತಿಗಿಂತ ತಾಜಾ ಇರುತ್ತದೆ. ಅಂಗಡಿಯನ್ನೇ ನಿಮ್ಮ ಉಗ್ರಾಣ ಅಂದುಕೊಳ್ಳಿ. ಬೇಗ ಕೆಡುವುದನ್ನು ಎರಡು ಮೂರು ದಿನಕ್ಕಾಗುವಷ್ಟು ಮಾತ್ರ ತನ್ನಿ, ಕೆಡದಿರುವುದನ್ನು ಬೇಕಾದರೆ ಜಾಸ್ತಿ ತನ್ನಿ. ಈ ಒಂದು ನಿಯಮ ಪಾಲಿಸಿದರೆ ಮನೆಯಲ್ಲಿ ಎಸೆಯುವ ಆಹಾರ ಎಷ್ಟು ಕಡಿಮೆಯಾಗುತ್ತದೆ ಅಂತ ನೀವೇ ನೋಡುತ್ತೀರಿ.

ಹೊರಡುವ ಮುಂಚೆ

ಚೀಟಿ ಬರೆಯಿರಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಚೀಟಿಯಲ್ಲಿ ಸಾಮಾನಿನ ಹೆಸರಿನ ಜೊತೆ ಎಷ್ಟು ಬೇಕು ಅಂತಲೂ ಬರೆದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಬರೀ 'ಟೊಮೇಟೊ' ಅಂತ ಬರೆದರೆ ಅಂಗಡಿಯಲ್ಲಿ ನಿಂತು ಅಂದಾಜು ಮಾಡುತ್ತೀರಿ, ಅಂದಾಜು ಯಾವಾಗಲೂ ಜಾಸ್ತಿ ಕಡೆಗೇ ವಾಲುತ್ತದೆ. ಬರೆಯುವ ಮುಂಚೆ ಫ್ರಿಜ್ ತೆರೆದು ಒಂದು ಫೋಟೊ ತೆಗೆದುಕೊಳ್ಳಿ, ಡಬ್ಬಿಗಳನ್ನು ಒಮ್ಮೆ ಅಲುಗಾಡಿಸಿ ನೋಡಿ. ಮನೆಯಲ್ಲಿ ಅರ್ಧ ಉಳಿದಿರುವ ಪ್ಯಾಕೆಟ್ ನೆನಪಿಗೆ ಬರದೆ ಇನ್ನೊಂದು ತರುವುದೇ ಹೆಚ್ಚಿನ ಮನೆಗಳಲ್ಲಿ ಆಗುವ ದಂಡ.

ಅಂಗಡಿಯ ಒಳಗೆ ಯಾವುದು ಎಲ್ಲಿದೆ ಅಂತ ಗೊತ್ತಾದ ಮೇಲೆ ಚೀಟಿಯನ್ನೂ ಅದೇ ಕ್ರಮದಲ್ಲಿ ಬರೆಯಿರಿ. ಹಿಂದೆ ಮುಂದೆ ಓಡಾಡುವುದು ತಪ್ಪುತ್ತದೆ, ಓಡಾಟ ಕಡಿಮೆಯಾದರೆ ಬೇಡದ್ದು ಕಣ್ಣಿಗೆ ಬೀಳುವುದೂ ಕಡಿಮೆ. ಹಸಿದುಕೊಂಡು ಹೋಗಬೇಡಿ. ಏನಾದರೂ ಸ್ವಲ್ಪ ತಿಂದು ಹೋಗಿ.

ಮೊದಲು ಅಂಗಡಿಯನ್ನು ತಿಳಿದುಕೊಳ್ಳಿ

ಹೊಸ ಬಡಾವಣೆಗೆ ಬಂದಿದ್ದರೆ ಒಂದು ದಿನ ಏನೂ ಕೊಳ್ಳುವ ಅವಸರವಿಲ್ಲದೆ ಅಂಗಡಿಯನ್ನು ಪೂರ್ತಿ ಸುತ್ತಿ ಬನ್ನಿ. ಜನ ಕಡಿಮೆ ಇರುವ ಹೊತ್ತು ನೋಡಿಕೊಂಡು ಹೋದರೆ ಅಲ್ಲಿ ಕೆಲಸ ಮಾಡುವವರು ಸಮಾಧಾನವಾಗಿ ಮಾತಾಡುತ್ತಾರೆ. ಸೊಪ್ಪು ಯಾವ ಹೊತ್ತಿಗೆ ಬರುತ್ತದೆ, ಬ್ರೆಡ್ ಯಾವ ದಿನ ಬರುತ್ತದೆ, ಮೀನು ಇವತ್ತಿನದಾ ನಿನ್ನೆಯದಾ, ಇದನ್ನೆಲ್ಲ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. 'ಅಣ್ಣಾ, ಇದರಲ್ಲಿ ಯಾವುದು ಜಾಸ್ತಿ ಓಡುತ್ತೆ?' ಅಂತ ಕೇಳಿ. ಇದು ನಾನು ಎಲ್ಲರಿಗೂ ಹೇಳುವ ಪ್ರಶ್ನೆ. ಜಾಸ್ತಿ ಓಡುವ ಸಾಮಾನು ಶೆಲ್ಫ್ ಮೇಲೆ ಹೆಚ್ಚು ದಿನ ಕೂರುವುದಿಲ್ಲ, ಹಾಗಾಗಿ ಅದು ಹೊಸದಾಗಿರುತ್ತದೆ. ಎಷ್ಟೇ ಒಳ್ಳೆಯ ಕಂಪನಿಯದಾದರೂ ಯಾರೂ ಕೊಳ್ಳದೆ ಧೂಳು ಹಿಡಿದ ಮಸಾಲೆ ಪುಡಿಯಲ್ಲಿ ಘಮ ಉಳಿದಿರುವುದಿಲ್ಲ.

ಸಾಮಾನು ಹೊರಲು ತಳ್ಳುಗಾಡಿ ಬೇಡ, ಕೈಬುಟ್ಟಿ ತೆಗೆದುಕೊಳ್ಳಿ. ತಳ್ಳುಗಾಡಿ ಹುಟ್ಟಿದ್ದೇ ಜನ ಜಾಸ್ತಿ ಕೊಳ್ಳಲಿ ಅಂತ. ಅಮೆರಿಕದ ಒಕ್ಲಹೋಮಾ ಸಿಟಿಯಲ್ಲಿ ಅಂಗಡಿಗಳನ್ನು ನಡೆಸುತ್ತಿದ್ದ ಸಿಲ್ವನ್ ಗೋಲ್ಡ್‌ಮನ್, ಬುಟ್ಟಿ ಭಾರವಾದ ಕೂಡಲೇ ಗಿರಾಕಿಗಳು ಖರೀದಿ ನಿಲ್ಲಿಸುವುದನ್ನು ಗಮನಿಸಿ 1937ರಲ್ಲಿ ಚಕ್ರದ ಗಾಡಿ ತಂದರು. ಹತ್ತಿರದ ಅಂಗಡಿಯಿಂದ ಹೇಗಿದ್ದರೂ ಕೈಯಲ್ಲೇ ಹೊತ್ತು ತರಬೇಕಲ್ವಾ? ಕೈಗೆ ಭಾರ ಗೊತ್ತಾಗುವುದು ಒಳ್ಳೆಯದೇ.

ಕಣ್ಣಿನ ಮಟ್ಟದ ಶೆಲ್ಫಿನಲ್ಲಿ ಇರುವುದೆಲ್ಲ ಅತ್ಯುತ್ತಮ ಅಂತ ಅಲ್ಲ. ಆ ಜಾಗಕ್ಕೆ ಬೆಲೆ ಇದೆ, ಎಷ್ಟೋ ಕಡೆ ಕಂಪನಿಗಳು ಅಂಗಡಿಗೆ ಹಣ ಕೊಟ್ಟೇ ಅಲ್ಲಿ ಕೂರುತ್ತವೆ. ಒಮ್ಮೆ ಬಗ್ಗಿ ಕೆಳಗಿನ ಸಾಲು ನೋಡಿ, ಒಮ್ಮೆ ತಲೆ ಎತ್ತಿ ಮೇಲಿನ ಸಾಲು ನೋಡಿ. ಸಾಲಿನ ತುದಿಯಲ್ಲಿ ಗುಡ್ಡೆ ಹಾಕಿ ಇಟ್ಟಿರುವುದೆಲ್ಲ ಕಡಿಮೆ ಬೆಲೆಗೆ ಸಿಗುತ್ತದೆ ಅಂತಲೂ ಅಂದುಕೊಳ್ಳಬೇಡಿ.

ಬೆಲೆ ನೋಡುವುದು

ಪ್ಯಾಕೆಟ್ ಮೇಲಿನ ಬೆಲೆ ನೋಡಿ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ನೂರು ಗ್ರಾಮಿಗೆ ಎಷ್ಟು, ಲೀಟರಿಗೆ ಎಷ್ಟು, ಅದನ್ನು ಮಾತ್ರ ಹೋಲಿಸಿ. ಕೆಲವು ಅಂಗಡಿಗಳಲ್ಲಿ ಶೆಲ್ಫಿನ ಚೀಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಅದನ್ನೂ ಹಾಕಿರುತ್ತಾರೆ, ಇಲ್ಲದಿದ್ದರೆ ಫೋನಿನಲ್ಲಿ ಭಾಗಿಸಿ ನೋಡಿ, ಅರೆ ನಿಮಿಷದ ಕೆಲಸ. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅನ್ನುವುದು ನಂಬಿಕೆ ಅಷ್ಟೆ, ಎಷ್ಟೋ ಸಲ ಎರಡು ಚಿಕ್ಕದು ಕೊಂಡರೆ ಕಡಿಮೆಗೆ ಬರುತ್ತದೆ.

ತೂಕದ ಮೇಲೂ ಕಣ್ಣಿರಲಿ. ಪ್ಯಾಕೆಟ್‌ನ ಅಳತೆ, ಬಣ್ಣ, ಬೆಲೆ ಎಲ್ಲ ಹಾಗೇ ಇಟ್ಟು ಒಳಗಿನ ತೂಕ ಮಾತ್ರ ಇಳಿಸುವುದು ಈಗ ಮಾಮೂಲು. 500 ಗ್ರಾಂ ಇದ್ದದ್ದು ಅದೇ ಬೆಲೆಗೆ 450 ಗ್ರಾಂ ಆದರೆ, ಬೆಲೆ ಶೇಕಡಾ 11ರಷ್ಟು ಏರಿದ ಹಾಗೆ. ಡಬ್ಬಿಯಲ್ಲಿ ನೀರಿನೊಳಗೆ ಇಟ್ಟ ಕಾಳು, ತರಕಾರಿ ಕೊಳ್ಳುವಾಗ ನೀರು ಬಸಿದ ಮೇಲಿನ ತೂಕ ಎಷ್ಟು ಅಂತ ನೋಡಬೇಕು, ಮೇಲೆ ದೊಡ್ಡದಾಗಿ ಬರೆದ ತೂಕದಲ್ಲಿ ನೀರೂ ಸೇರಿರುತ್ತದೆ.

ಆಫರ್‌ಗಳ ಲೆಕ್ಕವೂ ಹೀಗೆಯೇ. 'ಶೇಕಡಾ 20 ಜಾಸ್ತಿ' ಅಂದರೆ ಶೇಕಡಾ 20 ಕಡಿತ ಅಲ್ಲ, ಲೆಕ್ಕ ಹಾಕಿದರೆ ಶೇಕಡಾ 16.7 ಕಡಿತ ಆಗುತ್ತದೆ. 'ಎರಡು ಕೊಂಡರೆ ಒಂದು ಉಚಿತ' ಅಂದರೆ ಒಂದೊಂದರ ಮೇಲೆ ಮೂರನೇ ಒಂದು ಭಾಗ ಉಳಿತಾಯ, ಅದೂ ಮೂರನ್ನೂ ಕೆಡುವ ಮುಂಚೆ ತಿಂದು ಮುಗಿಸಿದರೆ. ಸೋಪು, ಉಪ್ಪು, ಅಕ್ಕಿ, ಸಕ್ಕರೆ ಇಂಥದಕ್ಕೆ ಆಫರ್ ಬಂದರೆ ಬಿಡಬೇಡಿ. ಮೊಸರಿಗೆ ಬಂದರೆ ಯೋಚಿಸಿ.

ಪ್ಯಾಕೆಟ್ ತಿರುಗಿಸಿ ಓದಿ

ಮುಂಭಾಗದಲ್ಲಿ ಕಂಪನಿ ತಾನು ಹೇಳಬೇಕಾದ್ದನ್ನು ಹೇಳುತ್ತದೆ. ನಿಮಗೆ ಬೇಕಾದ್ದು ಹಿಂಭಾಗದಲ್ಲಿದೆ. ಒಳಗೆ ಹಾಕಿರುವ ಪದಾರ್ಥಗಳ ಪಟ್ಟಿಯನ್ನು ತೂಕದ ಕ್ರಮದಲ್ಲಿ ಬರೆದಿರುತ್ತಾರೆ, ಜಾಸ್ತಿ ಇರುವುದು ಮೊದಲು. ಹಾಗಾಗಿ ಮೊದಲ ಮೂರು ಹೆಸರು ಓದಿದರೆ ಆ ಪ್ಯಾಕೆಟ್ ಏನು ಅಂತ ಹೆಚ್ಚುಕಮ್ಮಿ ತಿಳಿದ ಹಾಗೆ. ಕಂದು ಬಣ್ಣದ ಬ್ರೆಡ್ ನೋಡಿ ಇಡೀ ಗೋಧಿಯದ್ದು ಅಂದುಕೊಳ್ಳುತ್ತೇವೆ, ಪಟ್ಟಿಯಲ್ಲಿ ಮೊದಲ ಹೆಸರು ಮೈದಾ ಇರುತ್ತದೆ, ಬಣ್ಣ ಕ್ಯಾರಮೆಲ್‌ನಿಂದ ಬಂದಿರುತ್ತದೆ. 'ಮಲ್ಟಿಗ್ರೇನ್' ಅಂದರೆ ಹಲವು ಧಾನ್ಯ ಇದೆ ಅಂತ ಅಷ್ಟೆ, ತೌಡು ತೆಗೆಯದ ಇಡೀ ಧಾನ್ಯ ಅಂತ ಅಲ್ಲ.

ಸಕ್ಕರೆಯ ವಿಷಯದಲ್ಲಿ ಸ್ವಲ್ಪ ಹೆಚ್ಚು ಎಚ್ಚರ ಬೇಕು. ಒಂದೇ ತಿಂಡಿಯಲ್ಲಿ ಸಕ್ಕರೆ, ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಮಾಲ್ಟೋಸ್, ಹಣ್ಣಿನ ರಸದ ಕಾನ್ಸಂಟ್ರೇಟ್ ಹೀಗೆ ಬೇರೆ ಬೇರೆ ಹೆಸರಲ್ಲಿ ಸಿಹಿ ಹಾಕಿದರೆ ಒಂದೊಂದರ ತೂಕ ಕಡಿಮೆಯಾಗಿ ಪಟ್ಟಿಯಲ್ಲಿ ಕೆಳಗೆ ಇಳಿಯುತ್ತವೆ, ಎಲ್ಲ ಕೂಡಿಸಿದರೆ ಸಿಹಿಯೇ ಮೊದಲ ಸ್ಥಾನದಲ್ಲಿ ಇರುತ್ತಿತ್ತು. ಪೌಷ್ಟಿಕಾಂಶದ ಕೋಷ್ಟಕದಲ್ಲಿ ನೂರು ಗ್ರಾಮಿಗೆ ಅಂತ ಇರುವ ಸಾಲನ್ನೇ ನೋಡಿ. 'ಒಂದು ಸರ್ವಿಂಗ್‌ಗೆ' ಅನ್ನುವ ಸಾಲಿನಲ್ಲಿ ಸರ್ವಿಂಗ್ ಎಷ್ಟು ಅಂತ ಕಂಪನಿಯದೇ ಲೆಕ್ಕ ಇರಬಹುದು, ಯಾರೂ ಎರಡೇ ಬಿಸ್ಕತ್ತು ತಿಂದು ಪ್ಯಾಕೆಟ್ ಮುಚ್ಚಿಡುವುದಿಲ್ಲ. 4 ಗ್ರಾಂ ಸಕ್ಕರೆ ಅಂದರೆ ಸುಮಾರು ಒಂದು ಟೀ ಚಮಚ. ಉಪ್ಪನ್ನು ಸೋಡಿಯಂ ಅಂತ ಬರೆದಿದ್ದರೆ ಅದನ್ನು 2.5ರಿಂದ ಗುಣಿಸಿ. ಸೂಪಿನ ಒಂದು ಪ್ಯಾಕೆಟ್‌ನಲ್ಲಿ 800 ಮಿಲಿಗ್ರಾಂ ಸೋಡಿಯಂ ಇದೆ ಅಂದರೆ 2 ಗ್ರಾಂ ಉಪ್ಪು ಇದೆ. ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಅಡುಗೆ ಎಣ್ಣೆಯ ಮೇಲೆ 'ಕೊಲೆಸ್ಟ್ರಾಲ್ ಇಲ್ಲ' ಅಂತ ಬರೆದಿದ್ದರೆ ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಕೊಲೆಸ್ಟ್ರಾಲ್ ಬರುವುದು ಪ್ರಾಣಿಗಳಿಂದ ಬಂದ ಆಹಾರದಲ್ಲಿ, ಕಾಳು ಬೀಜಗಳಿಂದ ತೆಗೆದ ಎಣ್ಣೆಯಲ್ಲಿ ಅದು ಲೆಕ್ಕಕ್ಕೆ ಬರುವಷ್ಟು ಇರುವುದೇ ಇಲ್ಲ. ಬಾರ್‌ಕೋಡ್‌ನ ಮೊದಲ ಅಂಕಿಗಳಿಂದ ಯಾವ ದೇಶದಲ್ಲಿ ತಯಾರಾಗಿದೆ ಅಂತ ಹೇಳಬಹುದು ಅನ್ನುವ ಸಂದೇಶ ಆಗಾಗ ಓಡಾಡುತ್ತದೆ, ಅದೂ ನಿಜವಲ್ಲ. ಕಂಪನಿ ಆ ಸಂಖ್ಯೆಯನ್ನು ಎಲ್ಲಿ ನೋಂದಾಯಿಸಿಕೊಂಡಿದೆ ಅನ್ನುವುದು ಮಾತ್ರ ಅದರಿಂದ ತಿಳಿಯುತ್ತದೆ.

ದಿನಾಂಕದಲ್ಲೂ ಎರಡು ಬಗೆ ಇದೆ. 'ಬೆಸ್ಟ್ ಬಿಫೋರ್' ಅಂದರೆ ರುಚಿ, ಘಮ, ಗರಿಗರಿ ಆ ದಿನದವರೆಗೆ ಚೆನ್ನಾಗಿರುತ್ತದೆ ಅಂತ. ಸರಿಯಾಗಿ ಇಟ್ಟಿದ್ದರೆ ಮರುದಿನವೇ ಅದು ವಿಷವಾಗುವುದಿಲ್ಲ. 'ಯೂಸ್ ಬೈ' ಅಂತ ಇದ್ದರೆ ಅದು ಸುರಕ್ಷತೆಯ ಮಾತು, ಆ ದಿನ ದಾಟಿದ್ದನ್ನು ತಿನ್ನಬೇಡಿ. ಸಾಮಾನ್ಯವಾಗಿ ಹಳೆಯ ಸ್ಟಾಕ್ ಮುಂದಿನ ಸಾಲಿನಲ್ಲಿ, ಹೊಸದು ಹಿಂದೆ ಇರುತ್ತದೆ. ಎರಡು ವಾರ ಇಟ್ಟುಕೊಳ್ಳುವ ಸಾಮಾನಾದರೆ ಕೈ ಒಳಗೆ ಹಾಕಿ ಹಿಂದಿನದನ್ನು ತೆಗೆಯಿರಿ. ಇವತ್ತು ಸಂಜೆಯೇ ಮುಗಿಸುವ ಹಾಲಾದರೆ ಮುಂದಿನದೇ ಸಾಕು, ಇಲ್ಲದಿದ್ದರೆ ಅದು ಸುಮ್ನೆ ಕಸಕ್ಕೆ ಹೋಗುತ್ತದೆ.

ತರಕಾರಿ, ಹಣ್ಣು

ಇಲ್ಲಿ ಸಮಯ ಕೊಡಿ. ಬೇರೆ ಎಲ್ಲ ಸಾಮಾನು ಪ್ಯಾಕೆಟ್‌ನಲ್ಲಿ ಒಂದೇ ತರ ಇರುತ್ತದೆ, ಇಲ್ಲಿ ಮಾತ್ರ ಒಂದೊಂದು ಕಾಯಿಯೂ ಬೇರೆ.

ಸೊಪ್ಪಿನ ಎಲೆ ನೋಡಬೇಡಿ, ಬುಡ ನೋಡಿ. ಎಲೆಗೆ ನೀರು ಚಿಮುಕಿಸಿ ಮಿನುಗುವಂತೆ ಮಾಡಬಹುದು, ಕತ್ತರಿಸಿದ ಬುಡವನ್ನು ಹಾಗೆ ಮಾಡಲು ಆಗುವುದಿಲ್ಲ. ಬುಡ ಹಸಿಯಾಗಿ ತಿಳಿ ಬಣ್ಣದಲ್ಲಿದ್ದರೆ ಹೊಸದು, ಕಂದಾಗಿ ಲೋಳೆ ಲೋಳೆ ಆಗಿದ್ದರೆ ಹಳೆಯದು. ಕಟ್ಟನ್ನು ಸ್ವಲ್ಪ ಬಿಡಿಸಿ ಮಧ್ಯದ ಎಲೆಗಳನ್ನು ಮುಟ್ಟಿ, ಕೊಳೆಯಲು ಶುರುವಾಗುವುದು ಗಾಳಿಯಾಡದ ಅಲ್ಲಿಂದಲೇ. ತೂಕ ಹಾಕುವ ಮುಂಚೆ ನೀರನ್ನು ಕೊಡವಿ, ನೀರಿಗೆ ಸೊಪ್ಪಿನ ಬೆಲೆ ಕೊಡಬೇಕಿಲ್ಲ. ಕಟ್ಟಿನ ಲೆಕ್ಕದಲ್ಲಿ ಮಾರುತ್ತಿದ್ದರೆ ಎರಡು ಮೂರು ಕಟ್ಟನ್ನು ಕೈಯಲ್ಲಿ ತೂಗಿ ನೋಡಿ, ಒಂದೇ ಬೆಲೆಯ ಕಟ್ಟುಗಳಲ್ಲಿ ವ್ಯತ್ಯಾಸ ಚೆನ್ನಾಗಿಯೇ ಇರುತ್ತದೆ.

ಹುರುಳಿಕಾಯಿ ಬಗ್ಗಿಸಿದರೆ ಪಟ್ ಅಂತ ಮುರಿಯಬೇಕು. ನಿಂಬೆ, ಕಿತ್ತಳೆ, ಕೋಸು ಇವು ಗಾತ್ರಕ್ಕಿಂತ ಭಾರ ಅನ್ನಿಸಬೇಕು. ಶುಂಠಿಯ ಸಿಪ್ಪೆ ನುಣುಪಾಗಿರಲಿ. ಆಲೂಗಡ್ಡೆಯಲ್ಲಿ ಹಸಿರು ಬಣ್ಣ ಕಂಡರೆ ಬಿಡಿ, ಬೆಳಕು ಬಿದ್ದು ಹಸಿರಾಗುವಾಗ ಅದರಲ್ಲಿ ಸೋಲನಿನ್ ಅನ್ನುವ ಕಹಿ ವಿಷವೂ ಹೆಚ್ಚುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಕ್ಯಾರೆಟ್ಟಿಗೆ ಎಲೆ ಇದ್ದರೆ ತಾಜಾ ಅನ್ನುವುದು ಗೊತ್ತಾಗುತ್ತದೆ, ಆದರೆ ಮನೆಗೆ ಬಂದ ಕೂಡಲೇ ಎಲೆ ಕತ್ತರಿಸಿ. ಇಲ್ಲದಿದ್ದರೆ ಅದು ಗೆಡ್ಡೆಯ ನೀರು ಎಳೆದುಕೊಂಡು ಕ್ಯಾರೆಟ್ ಮೆತ್ತಗಾಗುತ್ತದೆ. ಪ್ಲಾಸ್ಟಿಕ್ ತಟ್ಟೆಯಲ್ಲಿ ಸುತ್ತಿಟ್ಟಿದ್ದರೆ ತಿರುಗಿಸಿ ಕೆಳಭಾಗ ನೋಡಿ, ಒಂದು ಹಣ್ಣು ಒಡೆದಿದ್ದರೂ ಅಲ್ಲಿ ರಸ ನಿಂತಿರುತ್ತದೆ.

ಹಣ್ಣು ಕೊಳ್ಳುವಾಗ ಒಂದು ವಿಷಯ ಗೊತ್ತಿದ್ದರೆ ತುಂಬಾ ಅನುಕೂಲ. ಬಾಳೆ, ಮಾವು, ಪಪ್ಪಾಯಿ, ಟೊಮೇಟೊ, ಬೆಣ್ಣೆಹಣ್ಣು ಇವು ಕಿತ್ತ ಮೇಲೂ ಮಾಗುತ್ತವೆ. ದ್ರಾಕ್ಷಿ, ಕಿತ್ತಳೆ, ಅನಾನಸ್, ಸ್ಟ್ರಾಬೆರಿ ಇವು ಮಾಗುವುದಿಲ್ಲ, ಅಂಗಡಿಯಲ್ಲಿ ಹುಳಿ ಇದ್ದರೆ ಮನೆಯಲ್ಲೂ ಹುಳಿಯೇ. ಹಾಗಾಗಿ ಮೊದಲ ಬಗೆಯದ್ದನ್ನು ಇವತ್ತಿಗೆ ಒಂದೆರಡು ಹಣ್ಣು, ನಾಳೆಗೆ ಒಂದೆರಡು ದೋರಗಾಯಿ, ಆಚೆ ನಾಳೆಗೆ ಇನ್ನೂ ಕಾಯಿ ಹೀಗೆ ಆರಿಸಿ. ಎರಡನೇ ಬಗೆಯದ್ದನ್ನು ತಿನ್ನುವ ಹದಕ್ಕೆ ಬಂದದ್ದನ್ನೇ ತೆಗೆದುಕೊಳ್ಳಿ. ಸೊಟ್ಟಗಿರುವ ಸೌತೆಕಾಯಿ, ಸಿಪ್ಪೆಯ ಮೇಲೆ ಸಣ್ಣ ಕಲೆ ಇರುವ ಸೇಬು, ಇವುಗಳ ರುಚಿಯಲ್ಲಿ ಏನೂ ಕೊರತೆ ಇರುವುದಿಲ್ಲ, ಕಡಿಮೆ ಬೆಲೆಗೆ ಕೊಟ್ಟರೆ ಖುಷಿಯಾಗಿ ತನ್ನಿ.

ಧಾನ್ಯ, ಹಿಟ್ಟು, ಎಣ್ಣೆ, ಡಬ್ಬಿ

ಅಕ್ಕಿ ಬೇಳೆಯ ಪ್ಯಾಕೆಟ್‌ನ ಮೂಲೆಗಳನ್ನು ಬೆಳಕಿಗೆ ಹಿಡಿದು ನೋಡಿ. ಪುಡಿ ಅಥವಾ ನೂಲಿನಂಥ ಎಳೆ ಕಂಡರೆ ಹುಳ ಆಗಿದೆ ಅಂತ ಅರ್ಥ. ಇಡೀ ಗೋಧಿ ಹಿಟ್ಟಿನಲ್ಲಿ, ಪಾಲಿಶ್ ಮಾಡದ ಅಕ್ಕಿಯಲ್ಲಿ, ಬಾದಾಮಿ ಕಡಲೆಬೀಜದಂಥವುಗಳಲ್ಲಿ ಎಣ್ಣೆಯ ಅಂಶ ಇರುವುದರಿಂದ ಬೇಗ ಕಮಟು ಬರುತ್ತದೆ, ಅವನ್ನು ಸ್ವಲ್ಪ ಸ್ವಲ್ಪವೇ ಕೊಳ್ಳಿ. ಜಾಸ್ತಿ ತಂದಿದ್ದರೆ ಗಟ್ಟಿಯಾಗಿ ಮುಚ್ಚಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ನಾಲ್ಕು ದಿನ ಇಟ್ಟರೆ ಹುಳವೂ ಅದರ ಮೊಟ್ಟೆಯೂ ಸಾಯುತ್ತವೆ. ಮಸಾಲೆಯನ್ನು ಪುಡಿಗಿಂತ ಇಡಿಯಾಗಿ ಕೊಳ್ಳುವುದೇ ವಾಸಿ. ಎಣ್ಣೆಗೆ ಬೆಳಕು ಆಗದು. ಪಾರದರ್ಶಕ ಬಾಟಲಿಯಾದರೆ ದೀಪದ ಕೆಳಗೆ ನಿಂತ ಮುಂದಿನ ಸಾಲಿನದ್ದು ಬಿಟ್ಟು ಹಿಂದಿನದ್ದು ತೆಗೆಯಿರಿ. ಜೇನು ಗಟ್ಟಿಯಾಗಿದ್ದರೆ ಕೆಟ್ಟಿದೆ ಅಂತ ಅಲ್ಲ, ಬೆಚ್ಚಗಿನ ನೀರಿನಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ.

ಉಬ್ಬಿದ ಡಬ್ಬಿಯನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಮುಟ್ಟಬೇಡಿ. ಒಳಗೆ ಬ್ಯಾಕ್ಟೀರಿಯಾ ಬೆಳೆದು ಅನಿಲ ತುಂಬಿರಬಹುದು, ಬಾಟ್ಯುಲಿಸಂ ಅನ್ನುವ ಮಾರಕ ವಿಷಬಾಧೆಗೆ ಇಂಥ ಡಬ್ಬಿಗಳೂ ಕಾರಣವಾಗುತ್ತವೆ. ಅಂಚಿನ ಬೆಸುಗೆಯ ಮೇಲೆ ನೆಗ್ಗಿದ್ದರೂ ಬೇಡ. ಗಾಜಿನ ಜಾಡಿಯ ಮುಚ್ಚಳದ ನಡುವೆ ಗುಂಡಿ ಇದ್ದರೆ ಅದು ಒಳಕ್ಕೆ ತಗ್ಗಿರಬೇಕು, ಬೆರಳಿನಿಂದ ಒತ್ತಿದಾಗ ಟಕ್ ಅಂತ ಸದ್ದು ಬರಬಾರದು.

ತಣ್ಣನೆಯದು ಕೊನೆಗೆ

ಹಾಲು, ಮೊಸರು, ಮಾಂಸ, ಮೀನು, ಫ್ರೀಜರ್ ಸಾಮಾನು ಇವನ್ನೆಲ್ಲ ಬಿಲ್ಲಿಗೆ ಹೋಗುವ ಮುಂಚೆ ಕೊನೆಯಲ್ಲಿ ತೆಗೆದುಕೊಳ್ಳಿ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಜೋರಾಗಿ ಬೆಳೆಯುತ್ತವೆ, ಬೇಗ ಕೆಡುವ ಆಹಾರ ಒಟ್ಟು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇರಬಾರದು, ಹೊರಗೆ 32 ಡಿಗ್ರಿ ದಾಟಿದ ಬಿಸಿಲಿದ್ದರೆ ಒಂದೇ ಗಂಟೆ.

ಫ್ರೋಜನ್ ಬಟಾಣಿಯ ಪ್ಯಾಕೆಟ್ ಕೈಗೆತ್ತಿಕೊಂಡು ಅಲುಗಾಡಿಸಿ. ಕಾಳುಗಳು ಒಳಗೆ ಬಿಡಿಬಿಡಿಯಾಗಿ ಗಲಗಲ ಅನ್ನಬೇಕು. ಇಡೀ ಪ್ಯಾಕೆಟ್ ಒಂದು ಇಟ್ಟಿಗೆಯಷ್ಟು ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅಥವಾ ಒಳಗೆ ದಪ್ಪ ದಪ್ಪ ಮಂಜಿನ ಹರಳುಗಳಿದ್ದರೆ, ಅದು ದಾರಿಯಲ್ಲೋ ಅಂಗಡಿಯಲ್ಲೋ ಕರೆಂಟು ಹೋದಾಗಲೋ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿರುವ ಸಾಧ್ಯತೆ ಜಾಸ್ತಿ. ಈ ಒಂದು ಪ್ಯಾಕೆಟ್ ಸಾಕು ಆ ಅಂಗಡಿಯ ಫ್ರೀಜರ್ ಹೇಗಿದೆ ಅಂತ ತಿಳಿಯಲು. ಮೇಲೆ ತೆರೆದಿರುವ ಫ್ರೀಜರಿನಲ್ಲಿ ಒಳಗೋಡೆಯ ಮೇಲೆ ಒಂದು ಗೆರೆ ಎಳೆದಿರುತ್ತದೆ, ಅದರ ಮೇಲಕ್ಕೆ ಪೇರಿಸಿಟ್ಟದ್ದನ್ನು ಬಿಟ್ಟು ಕೆಳಗಿನದನ್ನು ತೆಗೆಯಿರಿ. ಹಾಗಂತ ಫ್ರೋಜನ್ ತರಕಾರಿಯನ್ನು ಕೀಳಾಗಿ ನೋಡಬೇಡಿ. ಕೊಯ್ದ ಸ್ವಲ್ಪ ಹೊತ್ತಿಗೇ ಬಿಸಿನೀರಿನಲ್ಲಿ ಅದ್ದಿ ತೆಗೆದು ಹೆಪ್ಪುಗಟ್ಟಿಸಿರುತ್ತಾರೆ, ನಾಲ್ಕೈದು ದಿನ ಬಾಡಿದ ತರಕಾರಿಗಿಂತ ಅದೇ ಎಷ್ಟೋ ಮೇಲು.

ಮೊಟ್ಟೆಯ ಡಬ್ಬಿ ತೆರೆದು ಒಂದೊಂದನ್ನೂ ಮೆಲ್ಲಗೆ ತಿರುಗಿಸಿ, ತಳ ಒಡೆದಿದ್ದರೆ ಅಂಟಿಕೊಂಡು ತಿರುಗುವುದಿಲ್ಲ. ಮೀನಿನ ಕಣ್ಣು ತಿಳಿಯಾಗಿ ಉಬ್ಬಿರಲಿ, ಕಿವಿರು ಕೆಂಪಗಿರಲಿ, ನಾತ ಹೊಡೆಯಬಾರದು. ಹಸಿ ಮಾಂಸ, ಮೀನನ್ನು ಬೇರೆ ಚೀಲಕ್ಕೇ ಹಾಕಿಸಿ.

ಬಿಲ್ಲು, ಆಮೇಲೆ ಮನೆ

ತೂಕದ ಯಂತ್ರ ಸೊನ್ನೆಯಲ್ಲಿದೆಯಾ ನೋಡಿ, ಡಬ್ಬಿಯಲ್ಲಿ ಹಾಕಿ ತೂಗಿದರೆ ಡಬ್ಬಿಯ ತೂಕ ಕಳೆಯಲು ಹೇಳಿ. ಬಿಲ್ಲು ಹಾಕುವಾಗ ಫೋನ್ ಜೇಬಿನಲ್ಲಿರಲಿ, ಕಣ್ಣು ಪರದೆ ಮೇಲಿರಲಿ. ಆಫರ್ ಬೆಲೆ ಕಂಪ್ಯೂಟರಿಗೆ ಏರದೆ ಹಳೆಯ ಬೆಲೆಯೇ ಬರುವುದು, ಒಂದೇ ಸಾಮಾನು ಎರಡು ಸಲ ಸ್ಕ್ಯಾನ್ ಆಗುವುದು, ಇವೆರಡೇ ಹೆಚ್ಚಾಗಿ ಆಗುವ ತಪ್ಪು. ಅಲ್ಲೇ ನಿಂತು ಮೆತ್ತಗೆ ಹೇಳಿದರೆ ಸರಿ ಮಾಡುತ್ತಾರೆ.

ಮನೆಗೆ ಬಂದ ಮೇಲೆ ಮೊದಲು ಫ್ರಿಜ್‌ನ ಸಾಮಾನು. ಫ್ರಿಜ್ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಲಿ. ಹಾಲನ್ನು ಬಾಗಿಲಲ್ಲಿ ಇಡಬೇಡಿ, ಫ್ರಿಜ್‌ನಲ್ಲಿ ಎಲ್ಲಕ್ಕಿಂತ ಬೆಚ್ಚಗಿರುವ ಜಾಗ ಅದೇ. ಹಸಿ ಮಾಂಸ ಎಲ್ಲಕ್ಕಿಂತ ಕೆಳಗಿನ ತಟ್ಟೆಯಲ್ಲಿ ಇರಬೇಕು, ಸೋರಿದರೂ ಬೇರೆಯದರ ಮೇಲೆ ಬೀಳಬಾರದು. ಬ್ರೆಡ್ಡನ್ನು ಫ್ರಿಜ್‌ನಲ್ಲಿ ಇಟ್ಟರೆ ಬೇಗ ಬಿರುಸಾಗುತ್ತದೆ, ಎರಡು ದಿನಕ್ಕಾಗುವಷ್ಟು ಹೊರಗಿಟ್ಟು ಉಳಿದದ್ದನ್ನು ಫ್ರೀಜರಿಗೆ ಹಾಕಿ. ಬಾಳೆಹಣ್ಣು, ಸೇಬು, ಟೊಮೇಟೊ ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ, ಅದು ತಾಗಿದರೆ ಸೊಪ್ಪು, ಸೌತೆಕಾಯಿ ಬೇಗ ಹಳದಿಯಾಗುತ್ತವೆ, ಬೇರೆ ಬೇರೆ ಇಡಿ. ಈರುಳ್ಳಿ, ಆಲೂಗಡ್ಡೆಯನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಸೊಪ್ಪನ್ನು ಒಣ ಬಟ್ಟೆಯಲ್ಲೋ ಪೇಪರಿನಲ್ಲೋ ಸುತ್ತಿ ಇಟ್ಟರೆ ಎರಡು ದಿನ ಹೆಚ್ಚು ಬಾಳುತ್ತದೆ.

ಪ್ಯಾಕೆಟ್ ಒಡೆದಾಗ ಏನಾದರೂ ಕೆಟ್ಟಿದ್ದು ಕಂಡರೆ ಸುಮ್ನೆ ಎಸೆದು ಬಿಡಬೇಡಿ. ಪ್ಯಾಕೆಟ್‌ನ ಬ್ಯಾಚ್ ಸಂಖ್ಯೆ ಕಾಣುವ ಹಾಗೆ ಫೋಟೊ ತೆಗೆದು, ಬಿಲ್ಲಿನ ಜೊತೆ ವಾಪಸ್ ತೆಗೆದುಕೊಂಡು ಹೋಗಿ. ಅಂಗಡಿ ಹತ್ತಿರದಲ್ಲೇ ಇದೆ. ನಿಮಗೆ ಬೇರೆಯದು ಸಿಗಬಹುದು, ಅದಕ್ಕಿಂತ ಮುಖ್ಯವಾಗಿ ಅದೇ ಬ್ಯಾಚಿನ ಉಳಿದ ಪ್ಯಾಕೆಟ್‌ಗಳನ್ನು ಅವರು ಶೆಲ್ಫಿನಿಂದ ತೆಗೆಯಲು ಆಗುತ್ತದೆ.